‘ಆಂಟಿಗೆ ಥ್ಯಾಂಕ್ಸ್ ಹೇಳು ಪುಟ್ಟಾ’ ಅನ್ನುವ ಮೊದಲು: ಚಿಕ್ಕ ಮಕ್ಕಳಿಗೆ ಉಪಕಾರ ನೆನೆಯುವುದನ್ನು ಕಲಿಸುವುದು ಹೇಗೆ?

ಮನೆಗೆ ಬಂದವರು ಮಗುವಿನ ಕೈಗೆ ಒಂದು ಚಾಕೊಲೇಟ್ ಕೊಡುತ್ತಾರೆ. ಮಗು ಇಸ್ಕೊಂಡು ಕವರ್ ಬಿಚ್ಚೋಕೆ ಶುರು ಮಾಡುತ್ತೆ. ಪಕ್ಕದಲ್ಲಿ ನಿಂತ ಅಮ್ಮ ಮೆಲ್ಲಗೆ ಭುಜ ತಟ್ಟಿ, ‘ಆಂಟಿಗೆ ಏನ್ ಹೇಳ್ಬೇಕು?’ ಅನ್ನುತ್ತಾರೆ. ಮಗು ಸುಮ್ಮನಿರುತ್ತೆ. ‘ಹೇಳು ಪುಟ್ಟಾ, ಏನ್ ಹೇಳ್ಬೇಕು?’ ಮಗು ಅಮ್ಮನ ಹಿಂದೆ ಬಚ್ಚಿಟ್ಟುಕೊಳ್ಳುತ್ತೆ. ಮೂರನೇ ಸಲಕ್ಕೆ ಅಮ್ಮನ ದನಿ ಸ್ವಲ್ಪ ಏರುತ್ತೆ, ಆಗ ಕವರಿನಿಂದ ಕಣ್ಣೂ ಎತ್ತದೆ ಒಂದು ‘ಥ್ಯಾಂಕ್ಯೂ’ ಬೀಳುತ್ತೆ. ಇಷ್ಟರಲ್ಲಿ ಮಗು ಕಲಿತಿದ್ದೇನು? ಈ ಪದ ಹೇಳಿದರೆ ಅಮ್ಮ ಬಿಟ್ಟುಬಿಡ್ತಾಳೆ ಅಂತ, ಅಷ್ಟೇ.

‘ಎಷ್ಟು ಕೊಡಿಸಿದರೂ ಸಾಲದು, ಯಾವುದಕ್ಕೂ ಬೆಲೆನೇ ಇಲ್ಲ, ಇದನ್ನು ಹೇಗೆ ಕಲಿಸೋದು?’ ಅಂತ ಚಿಕ್ಕ ಮಕ್ಕಳ ತಂದೆ ತಾಯಿ ಪದೇ ಪದೇ ಕೇಳುತ್ತಾರೆ. ಅವರಿಗಾಗಿ ಇದನ್ನು ಹಂತ ಹಂತವಾಗಿ ಬರೆದಿದ್ದೇನೆ. ನಾನು ಹೇಳೋದು ಒಂದೇ. ನಾವು ಕೊನೆಯ ಪಾಠದಿಂದ ಶುರು ಮಾಡ್ತಿದ್ದೇವೆ. ಥ್ಯಾಂಕ್ಸ್ ಅನ್ನೋ ಮಾತು ಕೊನೆಗೆ ಬರಬೇಕು. ಮೊದಲು ಕಲಿಯಬೇಕಾದದ್ದು ಕಣ್ಣು. ತನಗಾಗಿ ಯಾರೋ ಏನೋ ಮಾಡಿದ್ದಾರೆ ಅನ್ನೋದು ಮಗುವಿಗೆ ಮೊದಲು ಕಾಣಬೇಕು.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ‘ಧನ್ಯವಾದ’ ಅಂತ ಯಾರೂ ಹೇಳೋದಿಲ್ಲ. ಅದು ಕಾರ್ಯಕ್ರಮದ ಕೊನೆಯಲ್ಲಿ ಮೈಕ್ ಹಿಡಿದು ವಂದನಾರ್ಪಣೆ ಮಾಡುವವರ ಪದ. ದೋಸೆ ಹಾಕಿಕೊಟ್ಟ ಅಮ್ಮನಿಗೆ ಧನ್ಯವಾದ ಅಂದರೆ ಅವರಿಗೇ ಬೇಜಾರಾಗುತ್ತೆ, ನಾನೇನು ಹೊರಗಿನವಳಾ ಅಂತ. ಹಾಗಂತ ನಮ್ಮಲ್ಲಿ ಉಪಕಾರ ನೆನೆಯೋದು ಇಲ್ಲ ಅಂತಲ್ಲ. ಉಂಡೆದ್ದವರು ‘ಅನ್ನದಾತಾ ಸುಖೀಭವ’ ಅನ್ನುತ್ತಾರೆ, ಬಿಸಿಲಲ್ಲಿ ಬಂದವರು ನೀರು ಕುಡಿದು ‘ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ’ ಅನ್ನುತ್ತಾರೆ, ಪಕ್ಕದ ಮನೆಯವರ ಡಬ್ಬಿಯನ್ನು ಯಾರೂ ಖಾಲಿ ವಾಪಸ್ ಕೊಡೋದಿಲ್ಲ. ಮಕ್ಕಳಿಗೆ ಕಲಿಸೋಕೆ ಬೇಕಾದ ಸಾಮಾನು ನಮ್ಮ ಮನೆಯಲ್ಲೇ ಇದೆ, ಅದನ್ನು ಹೊರಗೆ ತೆಗೆಯಬೇಕು.

ಶುರು ಮಾಡುವ ಮೊದಲು

ಬೇಕಾಗಿರೋದು ಜಾಸ್ತಿ ಏನಿಲ್ಲ. ದಿನಕ್ಕೆ ಹತ್ತು ನಿಮಿಷ, ಅರ್ಧ ಬರೆದು ಬಿಟ್ಟ ಒಂದು ಹಳೇ ನೋಟ್‌ಬುಕ್, ಬಣ್ಣದ ಪೆನ್ಸಿಲ್, ಒಂದು ಸಣ್ಣ ಡಬ್ಬಿ. ಜೊತೆಗೆ ಮನೆಯ ದೊಡ್ಡವರೆಲ್ಲ ಒಂದು ಸಲ ಕೂತು ಮಾತಾಡಿಕೊಳ್ಳಬೇಕು. ನೀವು ಒಂದು ಹೇಳಿ ಅಜ್ಜಿ ತಾತ ಇನ್ನೊಂದು ಹೇಳಿದರೆ ಮಗು ತನಗೆ ಅನುಕೂಲ ಆದದ್ದನ್ನು ಹಿಡಿಯುತ್ತೆ.

ಯಾವ ವಯಸ್ಸಿಗೆ ಏನು ಸಾಧ್ಯ ಅನ್ನೋದು ಗೊತ್ತಿದ್ದರೆ ಅರ್ಧ ಬೇಜಾರು ಕಡಿಮೆಯಾಗುತ್ತೆ. ಎರಡು ಮೂರು ವರ್ಷದ ಮಗು ಥ್ಯಾಂಕ್ಸ್ ಹೇಳದಿದ್ದರೆ ಅದು ಸೊಕ್ಕಲ್ಲ. ಅಮೆರಿಕದಲ್ಲಿ 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2ರಿಂದ 5 ವರ್ಷದ 22 ಮಕ್ಕಳಿಗೆ ಉಡುಗೊರೆ ಕೊಟ್ಟು ನೋಡಿದರು. ‘ಹಾಯ್’ ಮತ್ತು ‘ಬೈ’ಗೆ ಹೋಲಿಸಿದರೆ ಮಕ್ಕಳು ತಾವಾಗಿ ‘ಥ್ಯಾಂಕ್ಯೂ’ ಹೇಳಿದ್ದು ತೀರಾ ಕಡಿಮೆ. ಅಪ್ಪ ಅಮ್ಮ ಹೇಳಿಸಿದಾಗ ಮಾತ್ರ ಹೆಚ್ಚಿನವರು ಹೇಳಿದರು. ಅಂದರೆ ನಿಮ್ಮ ಮಗು ಬೇರೆಯವರ ಮಕ್ಕಳ ಹಾಗೇ ಇದೆ.

ಸುಮಾರು ನಾಲ್ಕು ವರ್ಷಕ್ಕೆ ಒಂದು ದೊಡ್ಡ ಬದಲಾವಣೆ ಬರುತ್ತೆ. ಮನಃಶಾಸ್ತ್ರದವರು ಇದಕ್ಕೆ ‘ಥಿಯರಿ ಆಫ್ ಮೈಂಡ್’ ಅನ್ನುತ್ತಾರೆ. ನನ್ನ ತಲೆಯಲ್ಲಿ ಇರೋದೇ ಎಲ್ಲರ ತಲೆಯಲ್ಲೂ ಇರೋದಿಲ್ಲ, ಬೇರೆಯವರಿಗೆ ಬೇರೆ ಆಸೆ, ಬೇರೆ ವಿಚಾರ ಇರುತ್ತೆ ಅನ್ನೋ ಅರಿವು ಅದು. ಅದು ಬರದೆ ‘ಅಜ್ಜಿ ನನಗೋಸ್ಕರ ಕಷ್ಟಪಟ್ಟು ಮಾಡಿದಳು’ ಅನ್ನೋದು ಮಗುವಿಗೆ ಹೊಳೆಯೋದೇ ಕಷ್ಟ, ಅಲ್ವಾ? ಆದ್ದರಿಂದ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೆಳಗಿನ ಮೊದಲ ಎರಡು ಹಂತ ಸಾಕು. ನಾಲ್ಕರಿಂದ ಎಂಟರವರೆಗೆ ಎಲ್ಲ ಹಂತಗಳೂ ಆಗುತ್ತವೆ.

ಹಂತ 1: ಎರಡು ವಾರ ನೀವೇ ಹೇಳಿ, ಮಗುವನ್ನು ಏನೂ ಕೇಳಬೇಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದೂ ಇದೇ. ಮಗುವಿನ ಎದುರು ನೀವು ಬೇರೆಯವರ ಕೆಲಸವನ್ನು ಗುರುತಿಸಿ, ಜೋರಾಗಿ, ಬಿಡಿಸಿ ಹೇಳಬೇಕು. ‘ಚೆನ್ನಾಗಿದೆ’, ‘ಥ್ಯಾಂಕ್ಸ್’ ಅಂದರೆ ಮಗುವಿಗೆ ಏನೂ ಸಿಗೋದಿಲ್ಲ. ಅವರು ಏನು ಮಾಡಿದರು, ಅದಕ್ಕೆ ಎಷ್ಟು ತೊಂದರೆ ತೊಗೊಂಡರು, ನಮಗೆ ಏನು ಅನುಕೂಲ ಆಯಿತು, ಈ ಮೂರೂ ಬರಲಿ.

‘ನೋಡು, ರಾತ್ರಿಯಿಂದ ಮಳೆ. ಆದ್ರೂ ಪೇಪರ್ ಹಾಕೋ ಅಣ್ಣ ಅದನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ನೆನೆಯದ ಜಾಗ ನೋಡಿ ಇಟ್ಟು ಹೋಗಿದ್ದಾನೆ. ಒಂದು ಹಾಳೆನೂ ಒದ್ದೆ ಆಗಿಲ್ಲ.’

ಇಷ್ಟೇ. ಇದರ ಕೊನೆಗೆ ‘ನೀನೂ ಹೀಗೆ ಇರಬೇಕು’ ಅಂತ ಬಾಲ ಸೇರಿಸಬೇಡಿ. ಸೇರಿಸಿದ ತಕ್ಷಣ ಅದು ಬುದ್ಧಿಮಾತಾಗಿ ಮಗುವಿನ ಕಿವಿ ಮುಚ್ಚಿಹೋಗುತ್ತೆ.

ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಳ್ಳೋದನ್ನು ಮಗು ಕೇಳಲಿ. ‘ಇವತ್ತು ನಾನು ಲೇಟಾಗಿ ಬಂದ್ರೂ ಸಾರು ಬಿಸಿ ಮಾಡಿಟ್ಟಿದ್ರಲ್ಲ, ಒಳ್ಳೇದಾಯ್ತು’ ಅಂತ ಒಂದು ಮಾತು. ಮೊದಮೊದಲು ನಾಚಿಕೆ ಆಗುತ್ತೆ. ನಮ್ಮಲ್ಲಿ ತುಂಬ ಮನೆಗಳಲ್ಲಿ ಅಪ್ಪಂದಿರು ಊಟ ಚೆನ್ನಾಗಿದ್ದರೆ ಸುಮ್ಮನೆ ಉಣ್ಣುತ್ತಾರೆ, ಉಪ್ಪು ಕಮ್ಮಿಯಾದರೆ ಮಾತ್ರ ಬಾಯಿ ಬಿಡುತ್ತಾರೆ. ಮಗು ದಿನವೂ ನೋಡೋದು ಅದನ್ನೇ. ಹತ್ತು ಸಲ ಚೆನ್ನಾಗಿದ್ದದ್ದು ಯಾರ ಬಾಯಲ್ಲೂ ಬರಲಿಲ್ಲ, ಒಂದು ಸಲ ತಪ್ಪಿದ್ದು ಬಂತು ಅಂದರೆ, ಮಗು ತಪ್ಪು ಹುಡುಕೋದನ್ನೇ ಕಲಿಯುತ್ತೆ.

ಇಲ್ಲೇ ಇನ್ನೊಂದು ವಿಷಯ, ಸ್ವಲ್ಪ ಕಹಿ ಆದರೂ ಹೇಳಲೇಬೇಕು. ಮನೆಕೆಲಸಕ್ಕೆ ಬರುವವರನ್ನು, ಕಸದ ಗಾಡಿಯವರನ್ನು, ಆಟೊ ಓಡಿಸುವವರನ್ನು ನೀವು ಹೇಗೆ ಮಾತಾಡಿಸುತ್ತೀರಿ? ಕನ್ನಡದಲ್ಲಿ ‘ನೀನು’ಗೂ ‘ನೀವು’ಗೂ ಎಷ್ಟು ದೂರ ಇದೆ ಅನ್ನೋದು ಮೂರು ವರ್ಷದ ಮಗುವಿಗೂ ಗೊತ್ತು. ಅಜ್ಜಿ ವಯಸ್ಸಿನವರು ಬಂದು ಪಾತ್ರೆ ತೊಳೆಯುತ್ತಿರುತ್ತಾರೆ, ಐದು ವರ್ಷದ ಮಗು ಅವರಿಗೆ ‘ಏಯ್, ನನ್ನ ಬಾಟ್ಲು ತೊಳಿ’ ಅನ್ನುತ್ತೆ, ಮನೆಯವರು ಕೇಳಿಯೂ ಕೇಳದ ಹಾಗೆ ಇರುತ್ತಾರೆ. ಅವರಿಗೆ ಕಾಫಿ ಕೊಡೋಕೆ ಬೇರೆ ಲೋಟ ಇಟ್ಟಿದ್ದರೆ ಮಗು ಅದನ್ನೂ ನೋಡಿರುತ್ತೆ. ಇವರ ಕೆಲಸ ಲೆಕ್ಕಕ್ಕಿಲ್ಲ ಅಂತ ಆ ಲೋಟ ದಿನಾ ಮಗುವಿಗೆ ಹೇಳುತ್ತಿರುತ್ತೆ. ನೀವು ರಾತ್ರಿ ನೋಟ್‌ಬುಕ್ಕಲ್ಲಿ ಏನು ಬರೆಸಿದರೂ ಅದು ಅಳಿಯೋದಿಲ್ಲ. ಈ ಎರಡು ವಾರದಲ್ಲಿ ಆ ಲೋಟ ತೆಗೆದುಬಿಡಿ. ‘ಅಕ್ಕ’, ‘ಅಜ್ಜಿ’, ‘ಅಣ್ಣ’ ಅಂತ ಕರೆಯಿರಿ, ‘ಬನ್ನಿ’, ‘ಕೂತ್ಕೊಳ್ಳಿ’ ಅನ್ನಿ, ಮಗುವೂ ಹಾಗೇ ಅನ್ನಲಿ.

ಹಂತ 2: ‘ಇದು ಹೇಗೆ ಬಂತು?’ ಆಟ

ಮಗುವಿಗೆ ವಸ್ತು ಕಾಣುತ್ತೆ, ಅದರ ಹಿಂದಿನ ಮನುಷ್ಯ ಕಾಣೋದಿಲ್ಲ. ಫೋನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಸಾಮಾನು ಬರುವ ಕಾಲದಲ್ಲಿ ಅದು ಇನ್ನೂ ಕಷ್ಟ. ಈ ಆಟ ಅದಕ್ಕೆ.

ದಿನಕ್ಕೆ ಒಂದೇ ವಸ್ತು ತೊಗೊಳ್ಳಿ. ಒಂದು ಹಾಲಿನ ಪ್ಯಾಕೆಟ್ ಅಂದುಕೊಳ್ಳಿ. ‘ಇದು ನಮ್ಮನೆಗೆ ಹೇಗೆ ಬಂತು?’ ಅಂತ ಕೇಳಿ. ‘ಅಂಗಡಿಯಿಂದ’ ಅನ್ನುತ್ತೆ ಮಗು. ‘ಅಂಗಡಿಗೆ?’ ಅಲ್ಲಿಂದ ಹಿಂದೆ ಹಿಂದೆ ಹೋಗಿ. ನಾವು ಏಳುವ ಮೊದಲೇ ಬೂತಿನವರು ಬಾಗಿಲು ತೆಗೆದು ಕ್ರೇಟ್ ಇಳಿಸಿಕೊಂಡಿರುತ್ತಾರೆ. ಅದಕ್ಕೂ ಮುಂಚೆ ವ್ಯಾನಿನ ಡ್ರೈವರ್ ಕತ್ತಲಲ್ಲಿ ಓಡಿಸಿಕೊಂಡು ಬಂದಿರುತ್ತಾರೆ. ಡೇರಿಯಲ್ಲಿ ಹಾಲು ಕಾಯಿಸಿ, ತಣ್ಣಗೆ ಮಾಡಿ, ಪ್ಯಾಕೆಟ್ ಮಾಡಿದವರಿದ್ದಾರೆ. ಹಳ್ಳಿಯ ಹಾಲಿನ ಸಂಘದಲ್ಲಿ ಕ್ಯಾನು ಹಿಡಿದು ಸಾಲಲ್ಲಿ ನಿಂತವರು, ಅವರ ಮನೆಯಲ್ಲಿ ಹುಲ್ಲು ಕೊಯ್ದು ತಂದವರು, ಸಗಣಿ ಬಾಚಿದವರು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಲು ಕರೆದವರು. ಕೊನೆಗೆ ಹಸು, ಅದರ ಕರು. ಬೆರಳು ಮಡಿಸಿ ಎಣಿಸಲಿ. ಒಂದು ಕೈ ಬೆರಳು ಸಾಲದೆ ಇನ್ನೊಂದು ಕೈ ಬೇಕಾಗುತ್ತೆ, ಮಕ್ಕಳಿಗೆ ಅದೇ ದೊಡ್ಡ ಖುಷಿ.

ಮರುದಿನ ಸಮವಸ್ತ್ರದ ಗುಂಡಿ, ಆಮೇಲೆ ಶಾಲೆಯ ಬಿಸಿಯೂಟ, ನಲ್ಲಿ ನೀರು, ಬೀದಿ ದೀಪ. ಸಾಧ್ಯ ಇದ್ದರೆ ಒಂದು ಸಲ ಬೆಳಿಗ್ಗೆ ಬೇಗ ಎಬ್ಬಿಸಿ ಹಾಲಿನ ಬೂತಿಗೆ ಕರೆದುಕೊಂಡು ಹೋಗಿ. ಹೇಳಿದ್ದಕ್ಕಿಂತ ನೋಡಿದ್ದು ಚೆನ್ನಾಗಿ ಉಳಿಯುತ್ತೆ.

ಇದರ ಜೊತೆಗೆ ಒಂದು ಕುಂಡದಲ್ಲಿ ಮೆಂತ್ಯ ಹಾಕಿಸಿ. ಅಡುಗೆಮನೆಯ ಮೆಂತ್ಯವೇ ಸಾಕು, ಒಂದು ರಾತ್ರಿ ನೆನೆಸಿ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ನಾಲ್ಕೈದು ದಿನಕ್ಕೆ ಮೊಳಕೆ ಮೇಲೆ ಬರುತ್ತೆ, ಮೂರು ನಾಲ್ಕು ವಾರಕ್ಕೆ ಸೊಪ್ಪು ಕೊಯ್ಯಬಹುದು. ನೀರು ಹಾಕೋದು ಮಗುವಿನ ಕೆಲಸ, ಒಂದು ದಿನ ಮರೆತರೆ ನೀವು ಸದ್ದಿಲ್ಲದೆ ಹಾಕಬೇಡಿ, ಗಿಡ ಬಾಡಿದ್ದು ಅದಕ್ಕೆ ಕಾಣಲಿ. ಕುಂಡ ತುಂಬ ಬೆಳೆದ ಸೊಪ್ಪನ್ನು ಬಾಣಲೆಗೆ ಹಾಕಿದರೆ ಕುಗ್ಗಿ ಕುಗ್ಗಿ ಒಂದು ಮುಷ್ಟಿ ಪಲ್ಯ ಆಗುತ್ತೆ. ‘ಇಷ್ಟೇನಾ?’ ಅನ್ನುತ್ತೆ ಮಗು. ಆ ‘ಇಷ್ಟೇನಾ’ ಬಾಯಿಂದ ಬಂದ ಮೇಲೆ ತಟ್ಟೆಯಲ್ಲಿ ಪಲ್ಯ ಬಿಡುವಾಗ ಅದಕ್ಕೆ ಸ್ವಲ್ಪ ಯೋಚನೆ ಬರುತ್ತೆ. ಒಂದೊಂದು ಅಗುಳನ್ನೂ ಬಿಡಬೇಡ ಅಂತ ಗದರಿ ತಿನ್ನಿಸೋದಕ್ಕಿಂತ ಇದು ಎಷ್ಟೋ ಮೇಲು.

ಹಂತ 3: ನಾಲ್ಕು ಪ್ರಶ್ನೆ, ಒಂದೇ ಸಲ ಅಲ್ಲ

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಕೃತಜ್ಞತೆಯನ್ನು ನಾಲ್ಕು ತುಂಡು ಮಾಡಿ ನೋಡುತ್ತಾರೆ: ಗಮನಿಸೋದು, ಯೋಚಿಸೋದು, ಒಳಗೆ ಅನಿಸೋದು, ಮಾಡೋದು. ನಾವು ಮಕ್ಕಳಿಂದ ಕೇಳೋದು ಬರೀ ನಾಲ್ಕನೆಯದನ್ನು. ಮೊದಲ ಮೂರು ಒಳಗೆ ನಡೆಯಬೇಕಾದ ಕೆಲಸ, ಅದಕ್ಕೆ ಪ್ರಶ್ನೆ ಬೇಕು.

ಊರಿಂದ ಅಜ್ಜಿ ಬಸ್ಸಿಗೆ ಕೋಡುಬಳೆ ಡಬ್ಬಿ ಕೊಟ್ಟು ಕಳಿಸಿದ್ದಾರೆ ಅಂದುಕೊಳ್ಳಿ.

‘ಡಬ್ಬಿಯಲ್ಲಿ ಏನೇನಿದೆ ನೋಡು.’ ಇದು ಗಮನಿಸೋದು. ಮಗು ಕೋಡುಬಳೆ ಅನ್ನುತ್ತೆ, ಮೇಲೆ ಮಡಚಿಟ್ಟ ಪೇಪರ್, ಮುರಿಯದ ಹಾಗೆ ಸುತ್ತ ತುರುಕಿದ ಬಟ್ಟೆ ತುಂಡು ಇದೆಲ್ಲ ನೀವು ತೋರಿಸಿ.

‘ಅಜ್ಜಿ ಇದನ್ನೇ ಯಾಕೆ ಕಳಿಸಿದ್ರು?’ ಇದು ಯೋಚಿಸೋದು. ‘ನಂಗಿಷ್ಟ ಅಂತ’ ಅಂದರೆ ದೊಡ್ಡ ಗೆಲುವು. ನನಗೆ ಇಷ್ಟ ಅನ್ನೋದು ಅಜ್ಜಿಗೆ ನೆನಪಿತ್ತು ಅಂತ ಮಗುವಿಗೆ ಹೊಳೆಯಿತು. ಬರದಿದ್ದರೆ ನೀವೇ ಹೇಳಿ: ‘ಹೋದ ಸಲ ಊರಿಗೆ ಹೋದಾಗ ನೀನು ನಾಲ್ಕು ತಿಂದಿದ್ದೆ, ಅಜ್ಜಿ ನೋಡಿದ್ರು.’

‘ತಿಂದಾಗ ಹೇಗನಿಸ್ತು?’ ಇದು ಅನಿಸೋದು. ಮಗು ‘ಖಾರ’ ಅನ್ನಬಹುದು. ಅದೂ ಸರಿ. ತಿದ್ದಬೇಡಿ.

‘ಅಜ್ಜಿಗೆ ಏನಾದ್ರೂ ಹೇಳೋಣ್ವಾ?’ ಇದು ಮಾಡೋದು.

ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಅದು ಪರೀಕ್ಷೆ ಆಗುತ್ತೆ, ಕೋಡುಬಳೆಯ ರುಚಿಯೂ ಹೋಗುತ್ತೆ. ತಿನ್ನುವಾಗ ಒಂದು, ಸ್ನಾನ ಮಾಡಿಸುವಾಗ ಒಂದು, ನಾಳೆ ಶಾಲೆಗೆ ಹೋಗುವಾಗ ಒಂದು. ಹಾಗೆ ಬಿಡಿಬಿಡಿಯಾಗಿ ಬರಲಿ.

ಹಂತ 4: ಮಲಗುವ ಮುಂಚೆ ಒಂದು ಮಾತು, ವಾರಕ್ಕೊಂದು ಚಿತ್ರ

‘ಗ್ರಾಟಿಟ್ಯೂಡ್ ಜರ್ನಲ್’ ಅಂತ ಎಲ್ಲರೂ ಕೇಳಿರುತ್ತೀರಿ. ಒಳ್ಳೇದಾದದ್ದನ್ನು ಬರೆದಿಡುವ ಪುಸ್ತಕ, ಅಷ್ಟೇ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಅನ್ನೋ ಮನಃಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಿಂದ ಇದು ಜನಪ್ರಿಯ ಆಯಿತು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಹತ್ತು ವಾರ, ವಾರಕ್ಕೆ ಒಮ್ಮೆ, ಐದರವರೆಗೆ ವಿಷಯ ಬರೆಯಿತು. ಕಿರಿಕಿರಿಗಳನ್ನು ಬರೆದ ಗುಂಪಿಗಿಂತ ಇವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಗಮನಿಸಿ, ಅವರು ಬರೆದದ್ದು ವಾರಕ್ಕೊಮ್ಮೆ, ಮತ್ತು ಅವರು ದೊಡ್ಡವರು. ಅದನ್ನು ನೋಡಿ ಐದು ವರ್ಷದ ಮಗುವಿನಿಂದ ದಿನಾ ರಾತ್ರಿ ಐದು ಸಾಲು ಬರೆಸೋಕೆ ಹೋಗಬೇಡಿ. ಹೋಮ್‌ವರ್ಕ್ ಜೊತೆಗೆ ಇನ್ನೊಂದು ಹೋಮ್‌ವರ್ಕ್ ಆಗುತ್ತೆ.

ನನ್ನ ಸಲಹೆ: ದಿನಾ ರಾತ್ರಿ ದೀಪ ಆರಿಸಿದ ಮೇಲೆ ಒಂದೇ ಪ್ರಶ್ನೆ. ‘ಇವತ್ತು ಯಾರು ನಿನಗೆ ಏನಾದ್ರೂ ಮಾಡಿಕೊಟ್ರು?’ ಈ ‘ಯಾರು’ ಮುಖ್ಯ. ‘ಇವತ್ತು ಏನು ಒಳ್ಳೇದಾಯ್ತು?’ ಅಂದರೆ ಐಸ್‌ಕ್ರೀಂ, ಕಾರ್ಟೂನ್ ಅಂತ ವಸ್ತುಗಳ ಪಟ್ಟಿ ಬರುತ್ತೆ. ‘ಯಾರು’ ಅಂದಾಗ ಪಕ್ಕದಲ್ಲಿ ಕೂರುವ ಹುಡುಗಿ ರಬ್ಬರ್ ಕೊಟ್ಟಿದ್ದು, ವ್ಯಾನಿನ ಅಂಕಲ್ ಬ್ಯಾಗ್ ಎತ್ತಿಕೊಟ್ಟಿದ್ದು ಹೊರಗೆ ಬರುತ್ತೆ. ಆಮೇಲೆ ನಿಮ್ಮದೂ ಒಂದು ಹೇಳಿ. ಮಗು ಮಾಡಿದ್ದನ್ನೂ ಸೇರಿಸಿ: ‘ನಾನು ಬಟ್ಟೆ ಮಡಚುವಾಗ ನೀನು ಸಾಕ್ಸ್ ಜೋಡಿ ಮಾಡಿಕೊಟ್ಟೆ, ಕೆಲಸ ಬೇಗ ಮುಗೀತು.’ ತನ್ನ ಕೆಲಸವನ್ನು ಬೇರೆಯವರು ಗುರುತಿಸಿದಾಗ ಹೇಗಿರುತ್ತೆ ಅಂತ ಗೊತ್ತಿಲ್ಲದ ಮಗು ಬೇರೆಯವರದ್ದನ್ನು ಹೇಗೆ ಗುರುತಿಸೀತು?

ಭಾನುವಾರ ಆ ವಾರದ ಒಬ್ಬರ ಚಿತ್ರ ಬಿಡಿಸಲಿ, ಕೆಳಗೆ ತಾರೀಖು ಮತ್ತು ಮಗು ಹೇಳಿದ ಒಂದು ವಾಕ್ಯ ನೀವು ಬರೆಯಿರಿ. ಅದು ಹೇಳಿದ ಹಾಗೇ ಬರೆಯಿರಿ, ತಪ್ಪಿದ್ದರೂ ಇರಲಿ.

‘ಯಾರೂ ಏನೂ ಮಾಡ್ಲಿಲ್ಲ’ ಅನ್ನುವ ದಿನಗಳು ಬರುತ್ತವೆ. ‘ಹೌದಾ, ಇವತ್ತು ಬೇಜಾರಿನ ದಿನ ಇತ್ತಾ?’ ಅಂತ ಕೇಳಿ ಬಿಟ್ಟುಬಿಡಿ. ಬಹಳ ಸಲ ಶಾಲೆಯಲ್ಲಿ ಯಾರೋ ತಳ್ಳಿದ್ದು, ಮಿಸ್ ಬೈದಿದ್ದು ಆಗಲೇ ಗೊತ್ತಾಗೋದು. ದೂರು ಹೇಳೋಕೆ ಬಂದ ಮಗುವಿಗೆ ‘ಒಳ್ಳೇದನ್ನ ಯೋಚಿಸು’ ಅಂತ ಬಾಯಿ ಮುಚ್ಚಿಸಿದರೆ, ಅದು ನಾಳೆ ನಿಜವಾಗಿ ಹೇಳಬೇಕಾದ್ದನ್ನೂ ನಿಮಗೆ ಹೇಳೋದಿಲ್ಲ.

ಹಂತ 5: ಡಬ್ಬಿ ಖಾಲಿ ಹೋಗಬಾರದು

ಪಕ್ಕದ ಮನೆಯಿಂದ ಪಾಯಸ ಬಂದರೆ ಆ ಡಬ್ಬಿ ತೊಳೆದು ಒರೆಸಿ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುವ ರೂಢಿ ನಮ್ಮ ತುಂಬ ಮನೆಗಳಲ್ಲಿದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಈ ಕೆಲಸವನ್ನು ಪೂರ್ತಿಯಾಗಿ ಮಗುವಿಗೆ ವಹಿಸಿ. ಏನು ಹಾಕೋದು ಅಂತ ಅದೇ ಯೋಚಿಸಲಿ, ಅದೇ ತೊಗೊಂಡು ಹೋಗಿ ಕೊಡಲಿ.

ನಮ್ಮ ಮನೆಯಲ್ಲಿ ಐದು ವರ್ಷದ ಮಗು ಒಂದು ಸಲ ಪಕ್ಕದ ಮನೆಯ ಸ್ಟೀಲ್ ಡಬ್ಬಿಯಲ್ಲಿ ತನ್ನ ಡೈನೋಸಾರ್ ರಬ್ಬರ್ ಹಾಕಿತು. ಮೂಲೆ ಸವೆದಿತ್ತು, ಪೆನ್ಸಿಲ್ ಕಪ್ಪು ಹತ್ತಿತ್ತು. ಬೇಡ, ಕೊಬ್ಬರಿ ಮಿಠಾಯಿ ಹಾಕೋಣ ಅಂತ ನನ್ನ ಬಾಯಿಗೆ ಬಂದಿತ್ತು, ತಡೆದುಕೊಂಡೆ. ಅರವತ್ತು ದಾಟಿದ ಆ ಪಕ್ಕದ ಮನೆಯ ಅಮ್ಮ ಆ ರಬ್ಬರನ್ನು ಇವತ್ತಿಗೂ ಫ್ರಿಜ್ ಮೇಲೆ ಇಟ್ಟುಕೊಂಡಿದ್ದಾರೆ.

ತಡೆದುಕೊಳ್ಳೋಕೆ ಕಾರಣ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಫ್ರಾನ್ಸಿಸ್ಕಾ ಬೌಮ್‌ಗಾರ್ಟನ್ ಅನ್ನೋ ಮನಃಶಾಸ್ತ್ರಜ್ಞೆ 7ರಿಂದ 15 ವರ್ಷದ ಮಕ್ಕಳಿಗೆ, ‘ನಿನ್ನ ದೊಡ್ಡ ಆಸೆ ಏನು? ಅದನ್ನು ಈಡೇರಿಸಿದವರಿಗೆ ನೀನು ಏನು ಮಾಡ್ತೀಯ?’ ಅಂತ ಕೇಳಿ ಉತ್ತರಗಳನ್ನು 1938ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳು ತಮಗೆ ಇಷ್ಟವಾದ ವಸ್ತುವನ್ನೇ ಕೊಡ್ತೀನಿ ಅನ್ನುವುದು ಹೆಚ್ಚು. ಕೊಟ್ಟವರಿಗೆ ಏನು ಬೇಕು ಅಂತ ಯೋಚಿಸೋದು ಬೆಳೆಯುತ್ತಾ ಬರುತ್ತೆ. ಅಂದರೆ ಸವೆದ ರಬ್ಬರ್ ಕೊಡುವ ಮಗು ಸರಿಯಾದ ದಾರಿಯಲ್ಲೇ ಇದೆ. ಕೆಲವು ತಿಂಗಳ ಮೇಲೆ ‘ಅವರಿಗೆ ಏನಿಷ್ಟ ಗೊತ್ತಾ?’ ಅಂತ ಒಂದು ಪ್ರಶ್ನೆ ಸೇರಿಸಿ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಇದಕ್ಕೆಲ್ಲ ಸ್ಟಿಕ್ಕರ್, ಸ್ಟಾರ್, ಚಾಕೊಲೇಟ್ ಕೊಡಬೇಡಿ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ 2008ರಲ್ಲಿ 20 ತಿಂಗಳ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಸಹಾಯ ಮಾಡಿದ್ದಕ್ಕೆ ಬಹುಮಾನ ಪಡೆದ ಮಕ್ಕಳು, ಏನೂ ಪಡೆಯದ ಮಕ್ಕಳಿಗಿಂತ ಆಮೇಲೆ ಕಡಿಮೆ ಸಹಾಯ ಮಾಡಿದರು. ಸಹಾಯ ಮಾಡೋ ಮನಸ್ಸು ಮಕ್ಕಳಲ್ಲಿ ಮೊದಲೇ ಇರುತ್ತೆ, ನಾವು ಕೂಲಿ ಕೊಟ್ಟು ಅದನ್ನು ಕೆಡಿಸೋದು ಬೇಡ.

ಹಂತ 6: ಈಗ ಮಾತು

ಈಗ ‘ಥ್ಯಾಂಕ್ಸ್’ ಕಲಿಸಿ. ಪದ ಯಾವುದಾದರೂ ಆಗಲಿ. ‘ಥ್ಯಾಂಕ್ಸ್’ ಈಗ ಕನ್ನಡದ್ದೇ ಆಗಿದೆ. ಆದರೆ ಅದರ ಜೊತೆ ಇನ್ನೊಂದು ಮಾತು ಇರಲಿ, ಅದೇ ನಿಜವಾದ ಥ್ಯಾಂಕ್ಸ್. ‘ಥ್ಯಾಂಕ್ಸ್ ಅಜ್ಜಿ, ಕೋಡುಬಳೆ ಗರಿಗರಿ ಇತ್ತು, ನಾನು ಅಪ್ಪಂಗೂ ಕೊಟ್ಟೆ.’ ಮನೆಯೊಳಗೆ ಆ ಪದ ಒಗ್ಗದಿದ್ದರೆ ‘ಅಮ್ಮ, ಇವತ್ತು ಚಿತ್ರಾನ್ನ ಚೆನ್ನಾಗಿತ್ತು’ ಅಂದರೆ ಧಾರಾಳವಾಯಿತು.

ಬಂದವರ ಎದುರು ಮಗುವನ್ನು ಒತ್ತಾಯ ಮಾಡಬೇಡಿ. ಮಗು ಹೇಳದಿದ್ದರೆ ಅದರ ಪರವಾಗಿ ನೀವು ಹೇಳಿ: ‘ತುಂಬ ಥ್ಯಾಂಕ್ಸ್, ಅವನಿಗೆ ಈ ಬಣ್ಣ ಅಂದ್ರೆ ಇಷ್ಟ.’ ಹುಟ್ಟುಹಬ್ಬಕ್ಕೆ, ನೆಂಟರ ಮನೆಗೆ ಹೋಗುವ ಮುಂಚೆ ಮನೆಯಲ್ಲೇ ಆಟದ ಹಾಗೆ ಅಭ್ಯಾಸ ಮಾಡಿಸಿ. ನೀವು ಅತ್ತೆ ಆಗಿ, ಒಂದು ದಿಂಬು ಉಡುಗೊರೆ. ಇಷ್ಟವಾಗದ ಉಡುಗೊರೆ ಬಂದಾಗ ಏನು ಹೇಳೋದು, ಅದನ್ನೂ ಆಡಿಸಿ. ಸುಳ್ಳು ಹೊಗಳಿಕೆ ಬೇಕಾಗಿಲ್ಲ, ‘ನನಗೋಸ್ಕರ ತಂದ್ರಲ್ಲ, ಥ್ಯಾಂಕ್ಸ್’ ಅನ್ನೋದು ನಿಜವೂ ಹೌದು, ಸಭ್ಯವೂ ಹೌದು.

ಇದನ್ನು ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ: ಉಡುಗೊರೆ ಕೊಟ್ಟವರಿಗೆ ಮಗು ಮುತ್ತು ಕೊಡಬೇಕಾಗಿಲ್ಲ, ತೊಡೆ ಮೇಲೆ ಕೂರಬೇಕಾಗಿಲ್ಲ. ‘ಮಾಮ ಸೈಕಲ್ ತಂದಿದ್ದಾರೆ, ಒಂದು ಮುತ್ತು ಕೊಡು’ ಅನ್ನೋದು ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತೆ. ಏನಾದರೂ ಕೊಟ್ಟವರು ನನ್ನನ್ನು ಮುಟ್ಟಬಹುದು ಅಂತ ಮಗು ಅದರಿಂದ ಕಲಿಯುತ್ತೆ, ಮಕ್ಕಳಿಗೆ ಕೆಡುಕು ಮಾಡುವವರು ಬಳಸೋದೂ ಇದೇ ದಾರಿಯನ್ನು. ಕೈ ಮುಗಿಯಲಿ, ಟಾಟಾ ಮಾಡಲಿ, ಅಷ್ಟು ಸಾಕು. ದೊಡ್ಡವರಿಗೆ ಬೇಸರ ಆದರೆ ಅದನ್ನು ನೀವು ಸಂಭಾಳಿಸಿ.

ಹಂತ 7: ಹಬ್ಬಗಳನ್ನು ಸುಮ್ನೆ ಹೋಗಲು ಬಿಡಬೇಡಿ

ನಮ್ಮ ಎಷ್ಟೋ ಹಬ್ಬಗಳು ಉಪಕಾರ ನೆನೆಯೋಕೇ ಇರುವಂಥವು, ಮಕ್ಕಳಿಗೆ ಅದನ್ನು ಹೇಳೋದು ಬಿಟ್ಟಿದ್ದೇವೆ. ಆಯುಧಪೂಜೆಗೆ ಮಗು ತನ್ನ ಸೈಕಲ್, ಕತ್ತರಿ, ಕಂಪಾಸ್ ಬಾಕ್ಸ್ ತಾನೇ ಒರೆಸಿ ಹೂವಿಡಲಿ, ಇದು ನನಗೆ ಏನು ಕೆಲಸ ಮಾಡಿಕೊಟ್ಟಿತು ಅಂತ ಹೇಳುತ್ತಾ. ಉತ್ತರ ಕರ್ನಾಟಕದವರಿಗೆ ಎತ್ತುಗಳ ಕಾರಹುಣ್ಣಿಮೆ ಇದೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲೋದು ಇದೆ. ನಾವು ಉಣ್ಣುವ ಮುಂಚೆ ಭೂಮಿಗೆ ಒಂದು ತುತ್ತು ಅನ್ನೋದು ಮಗುವಿಗೆ ಎಷ್ಟು ಸುಲಭವಾಗಿ ಅರ್ಥವಾಗುತ್ತೆ. ಮಲೆನಾಡಲ್ಲಿ ಭೂಮಿ ಹುಣ್ಣಿಮೆ, ಕೊಡಗಿನಲ್ಲಿ ಪುತ್ತರಿ, ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಹೊಸ ತೆನೆಯ ಊಟ. ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದು. ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ, ಅವತ್ತು ಬೀದಿ ಗುಡಿಸುವ ಅಕ್ಕನಿಗೆ ಮಗು ಬಿಡಿಸಿದ ಚಿತ್ರ ಮತ್ತು ಒಂದು ಲೋಟ ಕಾಫಿ ಮಗುವಿನ ಕೈಯಲ್ಲೇ ಕೊಡಿಸಿ. ನಿಮ್ಮ ಮನೆ ಲೋಟದಲ್ಲೇ.

ಹೊರದೇಶದಲ್ಲಿರುವ ಕನ್ನಡದವರಿಗೆ ಹೊಲ, ಎತ್ತು ಸಿಗದಿರಬಹುದು. ಊರಿನ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್‌ನಲ್ಲಿ ‘ಹೇಗಿದ್ದೀಯಾ, ಊಟ ಆಯ್ತಾ’ಗೆ ನಿಲ್ಲಿಸದೆ, ‘ತಾತ, ನೀವು ಚಿಕ್ಕವರಿದ್ದಾಗ ನಿಮಗೆ ಯಾರು ಸಹಾಯ ಮಾಡಿದ್ರು?’ ಅಂತ ಮಗುವಿನಿಂದ ಕೇಳಿಸಿ ನೋಡಿ.

ಎಲ್ಲರೂ ಎಡವುವ ಜಾಗ: ಹಂಗಿಸುವುದು

ಬೇರೆ ತಪ್ಪುಗಳನ್ನು ಮೇಲೆ ಅಲ್ಲಲ್ಲೇ ಹೇಳಿದೆ. ಇದಕ್ಕೆ ಬೇರೆ ಜಾಗ ಬೇಕು.

ಕನ್ನಡದಲ್ಲಿ ‘ಹಂಗು’ ಅಂತ ಒಂದು ಪದ ಇದೆ. ಹಂಗಿನ ಅನ್ನ ಗಂಟಲಲ್ಲಿ ಇಳಿಯೋದಿಲ್ಲ ಅನ್ನುತ್ತೇವೆ. ಕೊಟ್ಟದ್ದನ್ನು ಎತ್ತಿ ಆಡೋದು ಹಂಗಿಸೋದು. ‘ನಿನಗೋಸ್ಕರ ನಾವು ಎಷ್ಟು ಕಷ್ಟಪಟ್ಟಿದ್ದೀವಿ ಗೊತ್ತಾ?’, ‘ಅಷ್ಟು ದುಡ್ಡು ಕೊಟ್ಟು ಕೊಡಿಸಿದ್ದೀನಿ, ಹೀಗೆ ಮಾಡ್ತೀಯಲ್ಲ’, ‘ನಾವು ಚಿಕ್ಕವರಿದ್ದಾಗ ಹಬ್ಬಕ್ಕೊಂದೇ ಬಟ್ಟೆ’. ಸುಸ್ತಾದ ದಿನ ಎಲ್ಲರ ಬಾಯಲ್ಲೂ ಬರೋ ಮಾತುಗಳು ಇವು, ಹಾಗಂದವರು ಕೆಟ್ಟವರಲ್ಲ. ಆದರೆ ಮಗುವಿಗೆ ಇದರಿಂದ ಕೃತಜ್ಞತೆ ಹುಟ್ಟೋದಿಲ್ಲ, ಸಾಲ ಹುಟ್ಟುತ್ತೆ. ತೀರಿಸೋಕೆ ಆಗದ ಸಾಲ ಇರುವವರು ಸಾಲ ಕೊಟ್ಟವರನ್ನು ಕಂಡರೆ ತಪ್ಪಿಸಿಕೊಂಡು ಓಡಾಡುತ್ತಾರೆ, ಅಲ್ವಾ? ಮಕ್ಕಳೂ ಹಾಗೇ.

‘ಊಟ ಇಲ್ಲದ ಮಕ್ಕಳನ್ನ ನೋಡು’ ಅನ್ನೋದೂ ಇದೇ ಜಾತಿಯ ಮಾತು. ಸಿಗ್ನಲ್‌ನಲ್ಲಿ ಪೆನ್ನು ಮಾರುವ ಮಗುವನ್ನು ತೋರಿಸಿ ನಿಮ್ಮ ಮಗುವಿಗೆ ತಟ್ಟೆ ಖಾಲಿ ಮಾಡಿಸಿದರೆ, ಆ ಮಗು ಒಂದು ಮಗು ಅನ್ನೋದೇ ನಿಮ್ಮ ಮಗುವಿಗೆ ಮರೆತುಹೋಗುತ್ತೆ, ಹೆದರಿಸೋ ಚಿತ್ರ ಆಗಿಬಿಡುತ್ತೆ. ಸದ್ಯ ನಾನು ಹಾಗಿಲ್ಲ ಅನ್ನೋ ಸಮಾಧಾನ ಕೃತಜ್ಞತೆ ಅಲ್ಲ.

ಬಾಯಿಂದ ಬಂದುಬಿಟ್ಟರೆ ಏನು ಮಾಡೋದು? ಸ್ವಲ್ಪ ಹೊತ್ತಿನ ಮೇಲೆ ಹೋಗಿ ಹೇಳಿ: ‘ಅಮ್ಮಂಗೆ ಸುಸ್ತಾಗಿತ್ತು, ಹಾಗಂದುಬಿಟ್ಟೆ. ನಿನ್ನ ನೋಡ್ಕೊಳ್ಳೋದು ನಂಗೆ ಇಷ್ಟ.’ ಜೊತೆಗೆ ಕೆಲಸ ಹಂಚಿ. ತಟ್ಟೆ ಸಿಂಕಿಗೆ ಇಡೋದು, ನೀರಿನ ಬಾಟಲಿ ತುಂಬೋದು, ಬಟಾಣಿ ಬಿಡಿಸೋದು. ಅರ್ಧ ಬುಟ್ಟಿ ಬಟಾಣಿ ಬಿಡಿಸಿ ಬೆರಳು ನೋಯಿಸಿಕೊಂಡ ಮಗುವಿಗೆ, ಪಲಾವ್ ಮಾಡೋದು ಎಷ್ಟು ಕೆಲಸ ಅಂತ ಯಾರೂ ಹೇಳಬೇಕಾಗಿಲ್ಲ.

ಎಷ್ಟು ದಿನ ಬೇಕು?

ಮೂರು ತಿಂಗಳು ಬಿಡದೆ ಮಾಡಿ ಆಮೇಲೆ ನೋಡಿ. ಮಧ್ಯೆ ಜ್ವರ, ಪರೀಕ್ಷೆ, ನೆಂಟರು ಅಂತ ಒಂದು ವಾರ ತಪ್ಪಿಹೋದರೆ ಮತ್ತೆ ರಾತ್ರಿಯ ಒಂದು ಪ್ರಶ್ನೆಯಿಂದ ಶುರು ಮಾಡಿ, ತಪ್ಪಿದ್ದಕ್ಕೆ ಎರಡೆರಡು ಮಾಡಿಸೋದು ಬೇಡ. ಆ ಮೂರು ತಿಂಗಳಲ್ಲೂ ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹಟ ಮಾಡೋದು ನಡೆಯುತ್ತೆ, ಅದು ಬೇರೆ ವಿಷಯ, ಇದರ ಸೋಲಲ್ಲ.

ಮಗು ಬಂದು ಥ್ಯಾಂಕ್ಸ್ ಹೇಳಲಿ ಅಂತ ಕಾಯುತ್ತಾ ಕೂತರೆ ನಿಜವಾದ ಗುರುತು ಕಣ್ಣು ತಪ್ಪಿಹೋಗುತ್ತೆ. ಅದು ಸಾಮಾನ್ಯವಾಗಿ ಒಂದು ಪ್ರಶ್ನೆಯ ರೂಪದಲ್ಲಿ ಬರುತ್ತೆ, ಅದೂ ನೀವು ಬೇರೇನೋ ಗಡಿಬಿಡಿಯಲ್ಲಿ ಇರುವಾಗ. ‘ಅಮ್ಮ, ಇವತ್ತು ಪೇಪರ್ ಅಣ್ಣ ಬಂದಿಲ್ಲ, ಅವರಿಗೆ ಹುಷಾರಿಲ್ವಾ?’ ಅಥವಾ ಎಲ್ಲರಿಗೂ ಬಡಿಸಿ ಕೊನೆಗೆ ನೀವು ಕೂತಾಗ, ‘ನಿಂಗೆ ಹಪ್ಪಳ ಉಳೀತಾ?’ ಅಂತ. ಆ ದಿನ ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.